ಹರಾಜಿನ ಐಸ್ ಪೆಟ್ಟಿಗೆ

ಮೊನ್ನೆ ಸಂಜೆ ಕರೆಂಟು ಹೋದಾಗ ಅಟ್ಟದ ಮೇಲಿದ್ದ ಬುಡ್ಡಿದೀಪ ಹುಡುಕಿ ಹಚ್ಚಿದೆ. ಸೀಮೆಎಣ್ಣೆಯ ಹೊಗೆ, ಬತ್ತಿ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಆಗ ಬ್ಲ್ಯಾಕ್‌ಪಲ್ಲಿ ಎನ್ನುತ್ತಿದ್ದ ಶಿವಾಜಿನಗರದಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಚಾಚಾ ನೆನಪಾದರು...

ಚಾಚಾ ಹರಾಜು ಕೂಗುವವರು. ಬಿಳಿಯರು ಗಂಟುಮೂಟೆ ಕಟ್ಟುತ್ತಿದ್ದ ಕಾಲವದು. ದಂಡಿನ ಬಂಗಲೆಗಳಿಂದ ಫ್ಯಾನು, ರೇಡಿಯೊ, ಗ್ರಾಮಫೋನು ಗಾಡಿಗಟ್ಟಲೆ ಬರುತ್ತಿದ್ದವು. "ಇನ್ನೂ ಇಪ್ಪತ್ತು ವರ್ಷ ಬಾಳಿಕೆ ಬರೋ ಮಾಲು!" ಎಂದು ಚಾಚಾ ಕೂಗಿದರೆ ರೆಕ್ಕೆ ಮುರಿದ ಫ್ಯಾನಿಗೂ ಗಿರಾಕಿ ಸಿಗುತ್ತಿತ್ತು. ಅವರ ಮನೆಗೆ ಮಾತ್ರ ಅಂಥದ್ದೇನೂ ಬರುತ್ತಿರಲಿಲ್ಲ. "ಅದರ ಆಯಸ್ಸು ನಂಗೆ ಗೊತ್ತಲ್ಲಮ್ಮ" ಎಂದು ನಮ್ಮಮ್ಮನೆದುರು ನಗುತ್ತಿದ್ದರು.

ಕೊನೆಗೆ ಒಂದು ಬಂತು. ಅವರ ಹೆಂಡತಿ ಚಾಚಿಗೆ ಸಕ್ಕರೆ ಕಾಯಿಲೆ. ಚುಚ್ಚಿಕೊಳ್ಳುವ ಔಷಧಿ ಬಿಸಿಲಿಗೆ ಕೆಡುತ್ತದೆಂದು ಡಾಕ್ಟರು ಹೆದರಿಸಿದ್ದರು. ಹರಾಜಿನಲ್ಲಿ ಯಾರೂ ಕೇಳದೆ ಉಳಿದಿದ್ದ, ಸೀಮೆಎಣ್ಣೆ ದೀಪದಿಂದ ನಡೆಯುವ ಐಸ್ ಪೆಟ್ಟಿಗೆಯನ್ನು ಚಾಚಾ ಎತ್ತಿನ ಗಾಡಿಯಲ್ಲಿ ಹೇರಿಸಿ ತಂದರು. ಅದು ತಣ್ಣಗಾಗುತ್ತಲೇ ಇರಲಿಲ್ಲ. ಯಾವುದೋ ಬಂಗಲೆಯ ಬಟ್ಲರ್ ಹೇಳಿದನೆಂದು ಅದನ್ನು ಇಡೀ ದಿನ ತಲೆಕೆಳಗಾಗಿ ನಿಲ್ಲಿಸಿದರು. ಬೀದಿಯವರೆಲ್ಲ ಬಿದ್ದು ಬಿದ್ದು ನಕ್ಕರು. ಮಾರನೆಯ ದಿನ ನೆಟ್ಟಗೆ ಮಾಡಿ ದೀಪ ಹಚ್ಚಿದರೆ, ಸಂಜೆಯೊಳಗೆ ಒಳಗಿಟ್ಟ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗಿತ್ತು!

"ಕೆಳಗೆ ಬೆಂಕಿ, ಒಳಗೆ ಐಸು. ನೋಡಿದ್ಯಾ ಬೇಟಿ?" ಎಂದು ಚಾಚಾ ನನ್ನನ್ನು ಕರೆದು ತೋರಿಸಿದರು.

ಅಂದಿನಿಂದ ಅವರ ಜೀವವೆಲ್ಲ ಆ ದೀಪದಲ್ಲಿ. ಬೆಳಗಾದರೆ ನೆಲಕ್ಕೆ ಕೆನ್ನೆ ತಾಗಿಸಿ ಉರಿ ನೋಡುವುದು, ಬತ್ತಿ ಕತ್ತರಿಸುವುದು. ರೇಷನ್ನಿನ ಸೀಮೆಎಣ್ಣೆಯೆಲ್ಲ ಅದಕ್ಕೇ ಹೋಗುತ್ತಿತ್ತು. ಗಂಡ ಹೆಂಡತಿ ಕತ್ತಲಲ್ಲೇ ಉಣ್ಣುತ್ತಿದ್ದರು. ಪೆಟ್ಟಿಗೆ ನಡೆಯುವಷ್ಟು ದಿನ ಚಾಚಿಗೆ ಭಯವಿಲ್ಲ ಎಂದು ಅವರು ಗಟ್ಟಿಯಾಗಿ ನಂಬಿದ್ದರು.

ಆ ಕತ್ತಲಲ್ಲೇ ಚಾಚಿ ಅಡಿಗೆಮನೆಯ ಒರಳುಕಲ್ಲು ಎಡವಿದರು. ಕಾಲ್ಬೆರಳು ಒಡೆಯಿತು. ಚಾಚಿ ಅದಕ್ಕೆ ಬಟ್ಟೆ ಸುತ್ತಿ ಸೀರೆಯಂಚಿನಲ್ಲಿ ಮುಚ್ಚಿಕೊಂಡು ಓಡಾಡಿದರು. ನೆಲಕ್ಕೆ ಮುಖವಿಟ್ಟು ಉರಿ ನೋಡುತ್ತಿದ್ದ ಚಾಚಾನ ಪಕ್ಕದಲ್ಲೇ ಆ ಕಾಲು ದಿನವೂ ಹಾದುಹೋಗುತ್ತಿತ್ತು, ಅವರಿಗೆ ಕಾಣಲಿಲ್ಲ. ಕೊನೆಗೆ ಆಸ್ಪತ್ರೆ ಸೇರಿಸುವಾಗ ಹುಣ್ಣು ಹಿಮ್ಮಡಿಯವರೆಗೆ ಹಬ್ಬಿತ್ತು.

"ಎಡವಿದ್ದು ಹೇಳಿದ್ರೆ ಪೆಟ್ಟಿಗೆ ದೀಪ ತೆಗೆದು ಅಡಿಗೆಮನೆಗೆ ತಂದಿಡ್ತಾರೆ ಅಕ್ಕ, ಪೆಟ್ಟಿಗೆ ನಿಂತೋಗುತ್ತೆ. ಎಷ್ಟು ಖುಷಿಯಾಗಿದ್ರು..." ಎಂದು ಚಾಚಿ ಆಸ್ಪತ್ರೆಯಲ್ಲಿ ಅಮ್ಮನಿಗೆ ಹೇಳಿದರಂತೆ. ಅದನ್ನು ಹೇಳುವಾಗಲೆಲ್ಲ ಅಮ್ಮ ಅಳುತ್ತಿದ್ದಳು. ಚಾಚಿ ತೀರಿಕೊಂಡ ದಿನವೂ ಪೆಟ್ಟಿಗೆ ತಣ್ಣಗೇ ಇತ್ತು. ಔಷಧಿಯ ಸೀಸೆ ಅರ್ಧ ಉಳಿದಿತ್ತು.

ಸ್ವಲ್ಪ ದಿನಗಳ ಮೇಲೆ ಚಾಚಾ ಪೆಟ್ಟಿಗೆಯನ್ನು ಹರಾಜಿಗಿಟ್ಟರು. ಅಪ್ಪನ ಜೊತೆ ನಾನೂ ಹೋಗಿದ್ದೆ. ಯಾರೋ ಕೇಳಿದರು, "ಎಷ್ಟು ವರ್ಷ ಬರುತ್ತೆ ಸಾಯ್ಬರೇ?"

ಚಾಚಾ ಪೆಟ್ಟಿಗೆಯ ಮೇಲೆ ಕೈಯಿಟ್ಟರು. "ಬರುತ್ತೆ ಸ್ವಾಮಿ. ನಮ್ಮ ಮನೆಯವಳಿಗಿಂತ ಜಾಸ್ತಿ ಬರುತ್ತೆ." ಅಷ್ಟು ಹೇಳಿ ಹರಾಜಿನ ಕಟ್ಟೆಯಿಂದ ಕೆಳಗಿಳಿದುಬಿಟ್ಟರು. ಅವರ ಕೂಗನ್ನು ನಾನು ಮತ್ತೆ ಕೇಳಲಿಲ್ಲ. ಅವರು ಹೋಗಿಯೂ ಎಷ್ಟೋ ವರ್ಷವಾಯಿತು...

ಕರೆಂಟು ಬಂತು. ಅಡಿಗೆಮನೆಯಲ್ಲಿ ಫ್ರಿಜ್ಜು ಗುಂಯ್ ಎಂದಿತು. ಹತ್ತು ವರ್ಷಕ್ಕೆ ಗ್ಯಾರಂಟಿ ಎಂದಿದ್ದಾನೆ ಅಂಗಡಿಯವನು. ಅದರೊಳಗೆ ನನ್ನ ಇನ್ಸುಲಿನ್ ಇದೆ. ಬುಡ್ಡಿದೀಪ ಆರಿಸುವ ಮುನ್ನ ಅದನ್ನು ನೆಲಕ್ಕಿಳಿಸಿ, ಬಗ್ಗಿ, ನನ್ನ ಎರಡೂ ಕಾಲು ನೋಡಿಕೊಂಡೆ.