ಮುನ್ನೂರ ಹನ್ನೆರಡು ಜನರ ಮಾತು

ಬೆಳಗಿನ ಐದು ಗಂಟೆ. ಅಡುಗೆಮನೆಯ ಮೇಜಿನ ಮೇಲೆ ಒಂದು ಕಡೆ ಆರಿದ ಚಹಾ, ಇನ್ನೊಂದು ಕಡೆ ಅಂಗೈಯಗಲದ ಯಂತ್ರ. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡ ರಿಪೇರಿ ಅಕ್ಕ ಕಂಪ್ಯೂಟರಿನಲ್ಲಿ ಒಂದು ಸಾಲು ತಿದ್ದಿ ಗುಂಡಿ ಒತ್ತುತ್ತಾರೆ. ‘ನೀರು ಕೊಡಿ’ ಎನ್ನುತ್ತದೆ ಯಂತ್ರ. ಮಾತು ಕಳೆದುಕೊಂಡ ಯಾರೋ ಮುದುಕರದು, ರಿಪೇರಿಗೆ ಬಂದಿದೆ.

ಆಸ್ಪತ್ರೆಯ ಉಪಕರಣ ರಿಪೇರಿಯಲ್ಲಿ ಅಕ್ಕನದು ಇಪ್ಪತ್ತಾರು ವರ್ಷದ ದುಡಿಮೆ. ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ತಂಗಿಯ ದನಿ ಹೋದಾಗ ಇಂಥದ್ದೇ ಯಂತ್ರ ಕೊಂಡರು. ಟೈಪ್ ಮಾಡಿದ್ದನ್ನು ಅದು ಓದಿ ಹೇಳುತ್ತದೆ. ಆರೇ ವರ್ಷಕ್ಕೆ ಕಂಪನಿ ‘ಹಳೆಯದಾಯಿತು’ ಎಂದು ಅದರ ತಂತ್ರಾಂಶವನ್ನು ನಿಲ್ಲಿಸಿತು. ಅಕ್ಕ ಕೈಕಟ್ಟಿ ಕೂರಲಿಲ್ಲ. ಯಂತ್ರವು ತಂತ್ರಾಂಶದ ಒಂದೊಂದು ಕೆಲಸವನ್ನು ಯಾವ ಯಾವ ಹೆಸರಿನಿಂದ ಕರೆಯುತ್ತದೆ, ಏನುತ್ತರ ಬಯಸುತ್ತದೆ ಎಂದು ಎರಡು ವರ್ಷ ಗಮನಿಸಿ, ತಾವೇ ಹೊಸದನ್ನು ಬರೆದರು. ಇನ್ನೂರ ಹದಿನಾಲ್ಕು ಹೆಸರು ಕಂಪನಿಯದು, ಒಳಗಿನ ಕೆಲಸವೆಲ್ಲ ಅಕ್ಕನದು. ಇಂದು ಮುನ್ನೂರ ಹನ್ನೆರಡು ಜನ ಅದನ್ನು ಪುಕ್ಕಟೆ ಬಳಸುತ್ತಾರೆ.

“ಹೆಸರು ಬದಲಾಯಿಸಿದ್ರೆ ಯಂತ್ರ ಕರೀತಾನೇ ಇರುತ್ತೆ, ಓ ಅನ್ನೋರು ಇರಲ್ಲ” ಎನ್ನುತ್ತಾರೆ ಅಕ್ಕ.

ಆ ಹೆಸರುಗಳ ಪಟ್ಟಿಯೇ ತನ್ನ ಕೃತಿಸ್ವಾಮ್ಯ ಎಂದು ಕಂಪನಿ ಕೋರ್ಟಿಗೆ ಹೋಗಿದೆ. ಸಾಕ್ಷಿ ಒದಗಿಸಿದ ಪುಣ್ಯಾತ್ಗಿತ್ತಿ ಸ್ವತಃ ಅಕ್ಕನೇ! ‘ಹೆಸರುಗಳನ್ನು ಇಟ್ಟವರಿಗೆ ಕೃತಜ್ಞತೆ’ ಎಂದು ತಂತ್ರಾಂಶದ ಮೊದಲ ಸಾಲಿನಲ್ಲೇ ಬರೆದಿದ್ದರು. ಈ ಕಸುಬಿನವರಲ್ಲಿ ಅದು ಮರ್ಯಾದೆ. ವಕೀಲರ ಕಣ್ಣಿಗೆ ಅದೇ ತಪ್ಪೊಪ್ಪಿಗೆ. ತೀರ್ಪು ಬರುವವರೆಗೆ ಯಾರೂ ಬಳಸಕೂಡದು, ಸೋಮವಾರದೊಳಗೆ ಎಲ್ಲ ಯಂತ್ರಗಳಿಂದಲೂ ಅಳಿಸಬೇಕು ಎಂದು ಆದೇಶವಾಗಿದೆ.

“ಹೆಸರು ಹೊಂದಿಸೋಕೂ ತಲೆ ಬೇಕು, ಇಲ್ಲ ಅನ್ನಲ್ಲ. ಆದ್ರೆ ಮನೆ ಕಟ್ಟಿದೋನು ಬಾಗಿಲ ನಂಬರೂ ನಂದೇ, ಯಾರೂ ಬರ್ಕೋಬೇಡಿ ಅಂದ್ರೆ ಅಂಚೆಯೋನು ಏನ್ಮಾಡ್ಬೇಕು?”

ಪಟ್ಟಿ ಕಂಪನಿಯದೆಂದು ಅಕ್ಕ ಒಪ್ಪಿ ಸಹಿ ಹಾಕಿದರೆ ತಂಗಿಯ ಯಂತ್ರವೊಂದನ್ನು ಬಿಟ್ಟುಕೊಡುವುದಾಗಿ ಕಂಪನಿ ಹೇಳಿದೆ. ಸಹಿ ಬಿದ್ದರೆ ಮೊಕದ್ದಮೆ ಮುಗಿಯಿತು, ಉಳಿದವರ ಮಾತು ಇನ್ನೆಂದೂ ಬಾರದು. ಅಕ್ಕ ಪೆನ್ನು ಕೈಗೆತ್ತಿಕೊಂಡೂ ಇದ್ದರು. ಎದುರಿಗೆ ಕೂತ ತಂಗಿ ಟೈಪ್ ಮಾಡಿದಳು. ‘ನಂಗೊಬ್ಳಿಗೆ ಬೇಡ’ ಎಂದಿತು ಯಂತ್ರ. ಅದನ್ನು ಹೇಳುವಾಗ ಅಕ್ಕನಿಗೆ ದುಃಖ ತಡೆಯಲಾಗುವುದಿಲ್ಲ.

ಈಗ ನಿಮ್ಮ ಆಸೆ ಏನು ಎಂದರೆ ತಂಗಿಯ ಮಾತೆತ್ತುತ್ತಾರೆ.

“ಅವಳು ಏನಾದ್ರೂ ಹೇಳೋಕೆ ಬಂದ್ರೆ, ಕೆಲ್ಸ ಇದೆ, ಆಮೇಲೆ ಹೇಳೇ ಅಂತಿದ್ದೆ. ಈ ಭಾನುವಾರ ಕಂಪ್ಯೂಟರ್ ಮುಟ್ಟಲ್ಲ. ಅವಳು ಹೇಳಿದ್ದನ್ನೆಲ್ಲ ಕೇಳ್ತಾ ಕೂತ್ಕೋತೀನಿ.”