ಗೋಡೆಯಾಚೆ ಕೇಳಿದ ಮಾತು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು ಎದ್ದುಹೋಗಿದ್ದೇನೆ. ಹೆಂಡತಿಗೆ ಕಣ್ಣಿನ ಪೊರೆಯ ಆಪರೇಷನ್ ಆದ ವರ್ಷದ ಮಾತು. ನಾನು ಹೋಟೆಲಿನ ಗಲ್ಲಾ ಬಿಟ್ಟು ಮುಂಬಯಿ ಹತ್ತಿರದ ಠಾಕುರ್ಲಿಯ ಮನೆಯಲ್ಲೇ ಇದ್ದೆ. ಪಕ್ಕದ ನಮ್ಮದೇ ಇನ್ನೊಂದು ರೂಮಿನಲ್ಲಿ ಧಾರವಾಡ ಕಡೆಯ ಹುಡುಗಿ ಬಾಡಿಗೆಗಿದ್ದಳು. ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಏನು ಸಂಶೋಧನೆ ಎಂದು ನಾನು ಕೇಳಿರಲಿಲ್ಲ. ನನ್ನ ಕೈ ನಡುಗುತ್ತದೆಂದು ಹೆಂಡತಿಯ ಕಣ್ಣಿಗೆ ಅವಳೇ ಔಷಧಿ ಬಿಡುತ್ತಿದ್ದಳು.

ಟೀವಿಯಲ್ಲಿ ಇಡೀ ದಿನ ಯುದ್ಧದ ಸುದ್ದಿ. ಒಂದು ಮಧ್ಯಾಹ್ನ ಗೋಡೆಯಾಚೆ ಅವಳು ಫೋನಿನಲ್ಲಿ ಹೇಳುತ್ತಿದ್ದಳು: "ಅಣುಬಾಂಬು ಹಾರಸೋದು ಕಂಪ್ಯೂಟರಿಗೆ ಬಿಟ್ರ ಎಲ್ಲಾ ಒಂದ ಗಳಿಗ್ಯಾಗ ಮುಗೀತದ."

ಇವಳು ಬಾಂಬಿನವರ ಕಡೆಯವಳೇ ಇರಬೇಕೆಂದು ಹೆಂಡತಿಯ ಕಿವಿಯಲ್ಲಿ ಹೇಳಿದೆ.

"ಅವಳನ್ನೇ ಕೇಳಿ ಮಾರಾಯ್ರೇ, ಎಂತದಂತ" ಎಂದಳು ಹೆಂಡತಿ.

"ನಿಂಗೆಂತ ಗೊತ್ತುಂಟು, ಸುಮ್ನಿರು" ಎಂದು ಗದರಿ, ಬಿಲ್ಡಿಂಗಿನ ಸೊಸೈಟಿ ಸೆಕ್ರೆಟರಿಯ ಬಳಿಗೆ ಓಡಿದೆ. ಅವರು ಪೊಲೀಸರಿಗೆ ಫೋನ್ ಮಾಡಿದರು.

ಪೊಲೀಸರು ಬಂದಾಗ ಇಡೀ ಬಿಲ್ಡಿಂಗು ಮೆಟ್ಟಿಲ ಮೇಲೆ ನಿಂತಿತ್ತು. ಅವಳು ಗುರುತಿನ ಚೀಟಿ ತೋರಿಸಿ ನಿಧಾನವಾಗಿ ವಿವರಿಸಿದಳು. ಶತ್ರುವಿನ ಕ್ಷಿಪಣಿ ಬಂತೆಂದು ಹೊಸ ಯಂತ್ರಗಳು ಸುಳ್ಳು ಎಚ್ಚರಿಕೆ ಕೊಟ್ಟರೆ, ಗಾಬರಿಬಿದ್ದ ದೇಶ ವಿಚಾರಿಸದೆ ಅಣುಬಾಂಬು ಹಾಕಿಬಿಡಬಹುದು. ಹಾಗಾಗದಂತೆ, ಕೇಳಿ ತಿಳಿದುಕೊಳ್ಳುವಷ್ಟು ಸಮಯ ಮನುಷ್ಯರಿಗೆ ಉಳಿಯಬೇಕು. ಅದೇ ಅವಳ ಅಧ್ಯಯನ.

"ಕ್ಯಾ ಕಾಕಾ, ಬಾಂಬ್ ರೋಕ್‌ನೇವಾಲೀ ಕೋ ಹೀ ಪಕಡ್‌ವಾ ರಹೇ ಥೇ?" ಬಾಂಬು ತಡೆಯುವವಳನ್ನೇ ಹಿಡಿಸಲು ಹೊರಟಿದ್ದಿರಾ ಎಂದು ಇನ್‌ಸ್ಪೆಕ್ಟರ್ ನಕ್ಕು ಹೋದರು.

ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಅವಳ ಮುಖವನ್ನು ದಿನಾ ನೋಡುವ ಧೈರ್ಯ ನನಗಿರಲಿಲ್ಲ. "ಬಿಲ್ಡಿಂಗಿನವರು ಮಾತಾಡ್ತಾರೆ, ಬೇರೆ ರೂಮು ನೋಡಮ್ಮ" ಎಂದುಬಿಟ್ಟೆ.

ಅವಳು ಇಷ್ಟೇ ಹೇಳಿದಳು: "ಗ್ವಾಡಿ ಬಡದಿದ್ರ ಸಾಕಿತ್ತಲ್ರೀ ಕಾಕಾ. ನಾನ ಬಂದು ಹೇಳತಿದ್ದೆ."

ಹೊರಡುವ ದಿನ ಕೆಳಗೆ ಟೆಂಪೊ ಹಾರ್ನ್ ಹೊಡೆಯುತ್ತಿತ್ತು. ಅವಳು ಒಳಗೆ ಬಂದು, ಕೈ ತೊಳೆದು, ಹೆಂಡತಿಯ ಗದ್ದ ಎತ್ತಿ ಔಷಧಿ ಬಿಟ್ಟಳು. "ಕಾಕೂ, ಕಣ್ಣು ಮುಚ್ಚಿಕೊಂಡಿರ್ರಿ. ಲಗೂ ತೆಗೀಬ್ಯಾಡ್ರಿ." ನಾನು ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನೇ ತೊಳೆಯುತ್ತಾ ನಿಂತಿದ್ದೆ.

ಅವಳು ಹೋದ ಮೇಲೂ ಹೆಂಡತಿ ಕಣ್ಣು ಮುಚ್ಚಿಕೊಂಡೇ ಕೇಳಿದಳು: "ಹೋದ್ಲಾ? ತಪ್ಪಾಯ್ತು ಅಂತ ಒಂದು ಮಾತು ಹೇಳಿದ್ರಾ?"

"ಹ್ಞೂ" ಎಂದು ಸುಳ್ಳು ಹೇಳಿದೆ.

ಸಂಜೆ ನಾನೇ ಔಷಧಿ ಬಿಡಲು ಹೋದೆ. ಹನಿ ಕೆನ್ನೆಯ ಮೇಲೆ ಬಿತ್ತು. "ಅವಳು ಬಿಡುವಾಗ ಗೊತ್ತೇ ಆಗ್ತಿರ್ಲಿಲ್ಲ" ಎಂದಳು ಹೆಂಡತಿ. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಈಗ ಆ ರೂಮಿನಲ್ಲಿ ಬೇರೆಯವರಿದ್ದಾರೆ. ಏನೇ ಸದ್ದಾದರೂ ಮೊದಲು ಬಾಗಿಲು ತಟ್ಟಿ ಕೇಳುತ್ತೇನೆ. ಅವಳ ನಂಬರು ನನ್ನ ಮೊಬೈಲಿನಲ್ಲಿ ಇನ್ನೂ ಇದೆ. ಒತ್ತಲು ಹೋಗಿ ಬೆರಳು ಹಿಂದೆ ತೆಗೆಯುತ್ತೇನೆ. ಇಷ್ಟು ವರ್ಷ ಯಾರ ಮುಂದೆಯೂ ಹೇಳದ ಆ ಹೆಸರು, ಅಶ್ವಿನಿ.