ಹಿಂದಿನ ಸಾಲಿನ ಎಸಿ

ಒಂದು ಎಸಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು ವಿಜಯವಾಡಕ್ಕೆ ಕಳಿಸಿದೆವು ಎಂದರೆ ನನ್ನ ಧಾರವಾಡದ ನೆಂಟರು ಇವತ್ತಿಗೂ ನಗುತ್ತಾರೆ. ನಗಲಿ. ಆ ಕಾಯಿಯನ್ನು ಮೇಸ್ತ್ರಿಯ ಕೈಗೆ ಕೊಟ್ಟವನು ನಾನೇ.

ಆಂಧ್ರದ ಅಚ್ಯುತಾಪುರಂನ ಕಾರ್ಖಾನೆಯೊಂದರಲ್ಲಿ ನಾನು ಪರೀಕ್ಷಾ ವಿಭಾಗ ನೋಡಿಕೊಳ್ಳುತ್ತೇನೆ. ಬಟ್ಟೆ ಅಂಗಡಿ, ಬ್ಯಾಂಕು, ನರ್ಸಿಂಗ್ ಹೋಮ್‌ಗಳ ತಾರಸಿಯ ಮೇಲೆ ಕೂರಿಸುವ ದೊಡ್ಡ ಎಸಿಗಳು ನಮ್ಮಲ್ಲಿ ತಯಾರಾಗುತ್ತವೆ. ಮದುವೆಯಾಗಿ ವಿಶಾಖಪಟ್ಟಣದ ಅಳಿಯನಾದವನು ನಾನು. ಅಲ್ಲಿನ ಎಂವಿಪಿ ಕಾಲೋನಿಯಲ್ಲಿ ಮನೆ, ದಿನವೂ ಕಂಪನಿ ಬಸ್ಸು. ಮನೆಯಲ್ಲಿ ಮಗಳು ಜಗಳವನ್ನೂ ತೆಲುಗಿನಲ್ಲೇ ಆಡುತ್ತಾಳೆ. ಬಾಯಿತುಂಬ ಕನ್ನಡ ಮಾತಾಡಲು ನನಗೆ ಸಿಕ್ಕವರು ಕಾರ್ಖಾನೆಯ ಮೇಸ್ತ್ರಿ ಒಬ್ಬರೇ. ಅವರ ತಾಯಿ ಬಳ್ಳಾರಿಯವರು; ಮಾತಿನ ಕೊನೆಗೆ ಮಾತ್ರ ತೆಲುಗಿನ ‘ಅಂಡಿ’ ಸೇರಿಕೊಳ್ಳುತ್ತದೆ.

ನಮ್ಮ ಥರದ ಎಸಿಗಳಿಗೆ ಹೊಸ ನಿಯಮ ಬಂದಿತ್ತು. ಒಂದು ಯೂನಿಟ್ ಕರೆಂಟಿಗೆ ಇಂತಿಷ್ಟು ತಂಪು ಕೊಡಲೇಬೇಕು, ಕೊಡದ ಮಾದರಿಯನ್ನು ಮಾರುವಂತಿಲ್ಲ. ಇಷ್ಟು ಕೊಡುತ್ತದೆಂದು ನಾವೇ ಬರೆದುಕೊಟ್ಟರೆ ಸಾಲದು. ಅಧಿಕಾರಿಯೊಬ್ಬರು ಗೋಡೌನಿಗೆ ಬಂದು, ತಮಗೆ ಬೇಕಾದ್ದನ್ನು ಆರಿಸಿ, ಸೀಲು ಹಾಕಿ, ಹೊರಗಿನ ಪ್ರಯೋಗಾಲಯಕ್ಕೆ ಒಯ್ಯುತ್ತಾರೆ. ಆ ನಿಯಮಕ್ಕೆ ನಾನು ಬೈಯದ ದಿನವಿರಲಿಲ್ಲ. ಇಪ್ಪತ್ತು ವರ್ಷ ಮೀಟರು ನೋಡಿದವನ ಮಾತು ನಂಬದೆ ಯಾರೋ ಬಂದು ಅಳೆಯುವುದೆಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅದೇ ಹೊತ್ತಿಗೆ ಭೀಮುನಿಪಟ್ಟಣದ ಒಬ್ಬ ಹುಡುಗಿ ಬ್ರೇಜಿಂಗ್ ಕೆಲಸಕ್ಕೆ ಬಂದಿದ್ದಳು. ತಾಮ್ರದ ಕೊಳವೆಗಳನ್ನು ಬೆಂಕಿಯಲ್ಲಿ ಬೆಸೆಯುವ ಕೆಲಸ ಅದು. ಮೀನುಗಾರರ ಮನೆಯವಳು, ಎರಡು ವರ್ಷ ಪ್ಯಾಕಿಂಗ್ ವಿಭಾಗದಲ್ಲಿ ಥರ್ಮಾಕೋಲು, ಟೇಪು ಅಂಟಿಸುತ್ತಿದ್ದವಳು. ತಾನೇ ಕೇಳಿಕೊಂಡು ಬೆಸುಗೆ ಕಲಿತಿದ್ದಳು. ನಮ್ಮಲ್ಲಿ ಆ ಕೆಲಸಕ್ಕೆ ಅವಳೇ ಮೊದಲ ಹೆಣ್ಣು. ಆರು ತಿಂಗಳು ನೋಡಿ ಆಮೇಲೆ ಖಾಯಂ ಮಾಡುವುದೋ, ಪ್ಯಾಕಿಂಗ್‌ಗೇ ವಾಪಸು ಕಳಿಸುವುದೋ ಎಂದು ತೀರ್ಮಾನವಾಗಿತ್ತು. ವರದಿ ಬರೆಯಬೇಕಾದವನು ನಾನು.

ಮೊದಲ ವಾರವೇ ಅವಳ ಒಂದು ಬೆಸುಗೆ ಸೋರಿತು. ಆಮೇಲೆ ಎಂದೂ ಸೋರಲಿಲ್ಲ, ಆದರೆ ನನ್ನ ತಲೆಯಲ್ಲಿ ಉಳಿದದ್ದು ಆ ಒಂದೇ. ಅಧಿಕಾರಿ ಬರಲಿದ್ದ ವಿಜಯವಾಡದ ಗೋಡೌನಿಗೆ ಹೊಸ ಮಾದರಿಯ ಆರು ಎಸಿ ಕಳಿಸುವಾಗ, ಅವಳು ಬೆಸೆದು ತನ್ನ ಗುರುತು ಒತ್ತಿದ್ದನ್ನು ತೀರಾ ಹಿಂದಿನ ಸಾಲಿಗೆ ಹಾಕಿಸಲು ಲಾರಿಯ ಚೀಟಿಯಲ್ಲಿ ಬರೆದುಕೊಟ್ಟೆ. ಎಲ್ಲಕ್ಕಿಂತ ಮುಂದೆ ಇರಬೇಕಾದದ್ದು ನಮ್ಮ ಅತ್ಯುತ್ತಮ ಎಸಿ, ಮೇಸ್ತ್ರಿಯೇ ನಿಂತು ಮಾಡಿಸಿದ್ದು.

ಲಾರಿ ಹೊರಡುವ ಮುನ್ನ ಮೇಸ್ತ್ರಿ ಅದನ್ನು ಅಂಗಳಕ್ಕೆ ತಂದು, ಕಾರು ತೊಳೆಯುವ ಪಂಪು ಹಿಡಿದು ಸುತ್ತಲೂ ನೀರು ಹೊಡೆದರು.

“ಮೇಸ್ತ್ರೀ, ಇದೇನ್ ಕನ್ಯಾ ತೋರಸಾಕ ಹೊಂಟೀರೇನ್ರೀ?” ಎಂದೆ.

“ಸರ್ಕಾರದೋರ ಕಣ್ಣು ಬೀಳೋದೈತಿ ಸಾರ್. ಮಕ ತೊಳೀದೆ ಕಳಿಸೋಕಾಗ್ತೈತೇನಂಡಿ?” ಎಂದರು. ಆಮೇಲೆ ಅರಿಶಿನ, ಕುಂಕುಮ, ಸೇವಂತಿಗೆ, ಕಾಯಿ. ಪೂಜೆ ಮಾಡಿದ್ದನ್ನು ಬಿಟ್ಟು ಬೇರೆಯದನ್ನು ಯಾವ ಮನುಷ್ಯನಾದರೂ ಆರಿಸುತ್ತಾನೆಯೇ ಎಂಬುದು ಅವರ ಧೈರ್ಯ. ಸುಳ್ಳೇಕೆ, ನನ್ನದೂ ಅದೇ.

ವಿಜಯವಾಡದ ಆ ಗೋಡೌನಿನಲ್ಲಿ ಮಧ್ಯಾಹ್ನದ ಸೆಕೆಗೆ ಉಸಿರು ಕಟ್ಟುತ್ತಿತ್ತು. ಊರಿಗೆಲ್ಲ ತಂಪು ಮಾಡುವ ಎಸಿಗಳ ನಡುವೆ ನಾವು ಕರವಸ್ತ್ರ ಹಿಂಡುತ್ತಾ ನಿಂತಿದ್ದೆವು. ಅಧಿಕಾರಿ ಸಣಕಲು ಮನುಷ್ಯ, ಕಂಕುಳಲ್ಲಿ ಕೊಡೆ. ಮುಂದಿದ್ದ ಕುಂಕುಮದ ಎಸಿಗೆ ಕೈಮುಗಿದರು. ನನಗೆ ಜೀವ ಬಂತು. ಕೈಮುಗಿದವರೇ ಅದನ್ನು ದಾಟಿ ನೇರ ಹಿಂದೆ ಹೋಗಿ, ಗೋಡೆಗೆ ಒತ್ತಿಕೊಂಡಿದ್ದ ಕೊನೆಯದರ ಮೇಲೆ ಕೊಡೆಯ ತುದಿ ಇಟ್ಟರು. ಅದು ಅವಳದು.

ಮರುದಿನ ವಿಷಯ ತಿಳಿಸಿದಾಗ ಅವಳು ಬೆಸುಗೆಯ ಕನ್ನಡಕ ತೆಗೆದು ತೆಲುಗಿನಲ್ಲಿ ಒಂದೇ ಪ್ರಶ್ನೆ ಕೇಳಿದಳು: “ಫೇಲಾದರೆ ನನಗೆ ಮತ್ತೆ ಪ್ಯಾಕಿಂಗೇನಾ ಸಾರ್?”

“ಇಲ್ಲ” ಎನ್ನಬಹುದಿತ್ತು. “ನೋಡೋಣಮ್ಮಾ” ಎಂದೆ. ಅಷ್ಟೇ ಹೇಳಿ ಬಂದದ್ದಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಫಲಿತಾಂಶ ಬರುವವರೆಗೆ ಊಟ ರುಚಿಸಲಿಲ್ಲ. ಮನಸ್ಸಿನ ಸಮಾಧಾನಕ್ಕೆಂದು ಆ ಪೂಜೆಯ ಎಸಿಯನ್ನು ವಾಪಸು ತರಿಸಿ ನಮ್ಮ ಪರೀಕ್ಷಾ ಕೋಣೆಯಲ್ಲಿ ಓಡಿಸಿದೆ. ಮಾದರಿ ಚೆನ್ನಾಗಿಯೇ ಇದೆ, ಸೋತರೆ ತಪ್ಪು ಆ ಹುಡುಗಿಯದು ಎಂದು ಬರೆಯಲು ಒಂದು ಆಧಾರ ಬೇಕಿತ್ತು ನನಗೆ. ಅಂಥ ಸಣ್ಣತನದಲ್ಲಿದ್ದೆ. ಮೀಟರು ನೋಡಿದರೆ, ನಿಯಮ ಕೇಳುವ ಗೆರೆಗಿಂತ ಕೆಳಗೆ ನಿಂತಿದೆ! ತೊಳೆಯುವ ಮುಂಚೆ ನಾನೇ ಅಳೆದಾಗ ಗೆರೆಯ ಮೇಲಿತ್ತು.

ಟಾರ್ಚು ಹಿಡಿದು ಹಿಂಬದಿ ನೋಡಿದೆ. ಒಳಗಿನ ಬಿಸಿಯನ್ನು ಹೊರಗೆ ಬಿಡುವ ಕಾಯಿಲ್ ಅಲ್ಲಿರುತ್ತದೆ. ಅದರ ಮೇಲೆ ಕಾಗದಕ್ಕಿಂತ ತುಸುವೇ ದಪ್ಪದ ಅಲ್ಯೂಮಿನಿಯಂ ಪಟ್ಟಿಗಳು ಒತ್ತೊತ್ತಾಗಿ ನಿಂತಿರುತ್ತವೆ, ನಡುವಿನ ಸಂದುಗಳಲ್ಲಿ ಗಾಳಿ ಆಡಬೇಕು. ಪಂಪಿನ ನೀರಿನ ರಭಸಕ್ಕೆ ಪಟ್ಟಿಗಳು ಮಡಚಿ ಒಂದರ ಮೇಲೊಂದು ಮಲಗಿದ್ದವು. ಗಾಳಿಗೆ ದಾರಿಯೇ ಇಲ್ಲ. ಆ ಅಧಿಕಾರಿ ಪೂಜೆಯ ಎಸಿ ಆರಿಸಿದ್ದರೆ ನಮ್ಮ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಮೇಸ್ತ್ರಿಯನ್ನು ಕರೆದು ತೋರಿಸಿದೆ. ಅವರು ಬಹಳ ಹೊತ್ತು ಬಗ್ಗಿ ನೋಡಿ, “ತಪ್ಪಾಯ್ತಂಡಿ” ಎಂದರು. ತೊಳೆಯುವಾಗ ನಾನೂ ಅಲ್ಲೇ ನಿಂತು ನಗುತ್ತಿದ್ದೆನಲ್ಲ.

ಹತ್ತು ದಿನಕ್ಕೆ ಫಲಿತಾಂಶ ಬಂತು. ಅವಳ ಎಸಿ ಪಾಸಾಗಿತ್ತು; ನಾವು ಬರೆದುಕೊಟ್ಟದ್ದಕ್ಕಿಂತಲೂ ಒಂದು ಕೂದಲೆಳೆ ಮೇಲೆ. ಕಾಗದ ಹಿಡಿದು ಬ್ರೇಜಿಂಗ್ ಸಾಲಿಗೆ ಓಡಿದೆ. ಅವಳ ಕೈಯಲ್ಲಿ ಬೆಂಕಿ ಉರಿಯುತ್ತಿತ್ತು, ನಡುವೆ ಮಾತಾಡಿಸುವಂತಿರಲಿಲ್ಲ. ಬೆಸುಗೆ ಮುಗಿಯುವವರೆಗೆ ನಿಂತೆ. ಅಷ್ಟು ದಿನದಲ್ಲಿ ಅವಳ ಕೆಲಸವನ್ನು ಮೊದಲಿಂದ ಕೊನೆತನಕ ನೋಡಿದ್ದು ಅದೇ ಮೊದಲು. ಎಷ್ಟು ಚಂದದ ಕೈ! ವರದಿಯಲ್ಲಿ ಏನು ಬರೆಯಬೇಕೆಂದು ಅಲ್ಲಿಯೇ ಗೊತ್ತಾಯಿತು.

ಪಾಸಾದ ಸುದ್ದಿ ಹೇಳಿದೆ. ಆಮೇಲೆ ತಡೆಯಲಾರದೆ, “ಅದನ್ನು ಹಿಂದಿನ ಸಾಲಿಗೆ ಹಾಕಿಸಿದವನು ನಾನೇ” ಎಂದೂ ಹೇಳಿಬಿಟ್ಟೆ.

“ಗೊತ್ತು ಸಾರ್” ಎಂದಳು. “ಲಾರಿಗೆ ಹಾಕುವ ಚೀಟಿ ನಾನೂ ಓದಿದ್ದೆ.” ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಪೂಜೆಯ ಎಸಿಯ ಗತಿ ಕೇಳಿ ಅವಳೇ ನೋಡಲು ಬಂದಳು. ಪಟ್ಟಿ ನೆಟ್ಟಗೆ ಮಾಡಲು ನಮ್ಮಲ್ಲಿ ಬಾಚಣಿಗೆಯಂಥ ಒಂದು ಸಾಧನವಿದೆ. ಅದನ್ನು ಹಿಡಿದು ಎರಡು ದಿನ ಊಟದ ಬಿಡುವಿನಲ್ಲಿ ಕೂತು ಒಂದೊಂದೇ ಸಾಲು ಬಾಚಿದಳು. ಮೂರನೆಯ ದಿನ ಮೇಸ್ತ್ರಿಯೂ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತರು. ಮತ್ತೆ ಓಡಿಸಿದಾಗ ಮೀಟರು ಗೆರೆ ದಾಟಿತು, ಮೇಸ್ತ್ರಿ ಕಣ್ಣೊರೆಸಿಕೊಂಡರು.

ಈಗ ಅವಳು ಖಾಯಂ. ಆಸ್ಪತ್ರೆಗಳಿಗೆ ನೀರು ಕಾಯಿಸಿಕೊಡುವ ಹೀಟ್ ಪಂಪ್‌ಗಳನ್ನು ಈ ವರ್ಷ ಶುರು ಮಾಡಿದ್ದೇವೆ, ಅವುಗಳ ಬೆಸುಗೆಯೆಲ್ಲ ಅವಳ ಕೈಕೆಳಗೆ ನಡೆಯುತ್ತದೆ. ಇಬ್ಬರು ಹೊಸ ಹುಡುಗಿಯರು ಕಲಿಯುತ್ತಿದ್ದಾರೆ. ಮೊದಲ ಲೋಡು ವಿಜಯವಾಡಕ್ಕೆ ಹೊರಟ ದಿನ ಮೇಸ್ತ್ರಿ ನೀರು ಹೊಡೆಯುವ ಪಂಪು ಮುಟ್ಟಲಿಲ್ಲ. ಎಲ್ಲಕ್ಕೂ ಒಂದೊಂದು ಬೊಟ್ಟು ಕುಂಕುಮ ಇಟ್ಟರು, ಅಷ್ಟೆ. ಲಾರಿಯ ಚೀಟಿ ಬರೆಯಲು ಪೆನ್ನು ತೆಗೆದವನು ಅದನ್ನು ಅವಳಿಗೆ ಕೊಟ್ಟು, “ಯಾವುದನ್ನು ಮುಂದೆ ಇಡೋಣಮ್ಮಾ?” ಎಂದು ಕೇಳಿದೆ.

ಅವಳು ಸಾಲನ್ನೊಮ್ಮೆ ನೋಡಿದಳು.

“ಯಾವುದಿಟ್ಟರೂ ಆಗುತ್ತೆ ಸಾರ್” ಎಂದು ಪೆನ್ನು ನನಗೇ ವಾಪಸು ಕೊಟ್ಟಳು.